ಮಾವನ ಏರ್‌ಗನ್ನಿಗೆ ಹಳೆಯ ನಳಿಗೆ

ಬೆಳಿಗ್ಗೆ ಕಿರುಗುಟ್ಟುವ ಗೇಟಿಗೆ ಹೊಲಿಗೆ ಮಷೀನಿನ ಎಣ್ಣೆ ಬಿಡುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಇದೇ ಎಣ್ಣೆ ಹಾಕುತ್ತಿದ್ದ ಭಾನುವಳ್ಳಿಯ ನಮ್ಮ ಮಾವನವರ ಏರ್‌ಗನ್ ನೆನಪಾಗಿ ಕಿವಿ ಬಿಸಿಯಾಯಿತು. ಎಪ್ಪತ್ತರ ದಶಕದ ಕೊನೆ. ರಜೆಗೆಂದು ಮಾವನ ಮನೆಯಲ್ಲಿ ಠಿಕಾಣಿ ಹೂಡಿದ್ದ ಹೊಸ ಅಳಿಯ ನಾನು. ಹೊಸ ಅಳಿಯನ ಬುದ್ಧಿ ಎಷ್ಟಿರುತ್ತದೆಂದು ನಿಮಗೆ ಹೇಳಬೇಕೇ?

ಮಾವನಿಗೆ ಅರವತ್ತು ದಾಟಿತ್ತು. ಭಾನುವಾರ ಹಿತ್ತಲಿನ ಬೇವಿಗೆ ಕಟ್ಟಿದ ಡಬ್ಬಿ ಮುಚ್ಚಳಕ್ಕೆ ಒಂದೇ ಏಟು ಹೊಡೆದು, "ಕಣ್ಣು ಇನ್ನೂ ಗಟ್ಟಿ ಅದಾವೆ" ಎಂದು ಮೀಸೆ ತಿರುವುವುದೇ ಅವರಿಗೆ ಹಬ್ಬ.

ಅವರು ಅಮಾವಾಸ್ಯೆಗೆಂದು ಎರಡು ದಿನ ಉಕ್ಕಡಗಾತ್ರಿ ದೇವಸ್ಥಾನಕ್ಕೆ ಹೋದಾಗ ನಾನು ಗುಂಡು ತುಂಬಲೆಂದು ಏರ್‌ಗನ್ನನ್ನು ನಡುವೆ ಮಡಚಿ, ನಳಿಗೆ ಹಿಡಿದುಕೊಳ್ಳದೆ ಟ್ರಿಗರ್ ಎಳೆದುಬಿಟ್ಟೆ. ನಳಿಗೆ ರಪ್ಪನೆ ಮೇಲಕ್ಕೆ ಬಡಿದು ಬಾಗಿಹೋಯಿತು.

"ಅಪ್ಪಗೆ ಹೇಳ್ಬಿಡ್ರಿ," ಎಂದಳು ಹೆಂಡತಿ.

"ಬ್ಯಾಡ. ಅವ್ರು ಬರೋದ್ರಾಗೆ ಮೊದ್ಲಿನಂಗೆ ಮಾಡೇ ಇಡ್ತೀನಿ."

ಹಟ ಅಂದರೆ ಹಟ. ಮರುದಿನ ಹರಿಹರಕ್ಕೆ ಬಸ್ಸು, ಅಲ್ಲಿಂದ ದಾವಣಗೆರೆ. ಬೀಗ, ಸ್ಟೋವ್, ಏರ್‌ಗನ್ ಎಲ್ಲ ರಿಪೇರಿ ಮಾಡುವ ಚಾಚಾ ಒಬ್ಬರ ಬಳಿ ಹಳೆಯ ನಳಿಗೆಯೊಂದು ಸಿಕ್ಕಿತು. ಮಡಚುವ ಕೀಲಿನಲ್ಲಿ ಅದು ಕೂರಲೊಲ್ಲದು. ಅರ ಹಿಡಿದು ಉಜ್ಜಿದೆವು, ಕೂರಿಸಿದೆವು, ಬಿಚ್ಚಿದೆವು, ಮತ್ತೆ ಉಜ್ಜಿದೆವು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಮಧ್ಯಾಹ್ನ ಪಿನ್ನು ಸರಕ್ಕನೆ ಒಳಗೆ ಹೋದಾಗ ರಾಜ್ಯ ಗೆದ್ದಷ್ಟು ಖುಷಿ.

"ತಡೀರಿ ಸಾಬ್," ಎಂದರು ಚಾಚಾ. "ಇದು ಜಾತ್ರೇಲಿ ಬಲೂನ್ ಹೊಡಿಸೋ ಅಂಗಡೀದು. ಗಿರಾಕಿ ಗುರಿ ತಪ್ಲಿ ಅಂತ ಗುರಿ ನೋಡೋ ತುದೀ ಮೊಳೆ ಬೇಕಂತ್ಲೆ ವಾರೆ ಬಡಿದಿರ್ತಾರೆ. ನಾಳೆ ನೆಟ್ಟಗೆ ಮಾಡ್ಕೊಡ್ತೀನಿ."

"ನಾಳೆ ಆಗಲ್ರಿ, ಸಂಜೆ ಮಾವ ಬರ್ತಾರೆ!" ಎಂದು ಕಸಿದುಕೊಂಡು ಓಡಿದೆ.

ಭಾನುವಾರ ಮಾವ ಹೊಡೆದರು. ತಪ್ಪಿತು. ಮೂರು ಸಲವೂ ಎಡಕ್ಕೇ ತಪ್ಪಿತು. ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಆತು ಬಿಡ್ರಿ ಅಳಿಯಂದ್ರೆ, ಕಣ್ಣು ಹೋದ್ವು" ಎಂದರು. ಮರುದಿನದಿಂದ, ದಿನಾ ತುಳಿಯುತ್ತಿದ್ದ ಸೈಕಲ್ ಮುಟ್ಟಲಿಲ್ಲ. ಕಾಲುವೆ ಏರಿಯ ಮೇಲೆ ಅತ್ತೆಯ ಕೈ ಹಿಡಿದು ನಡೆಯತೊಡಗಿದರು. ಇನ್ನು ಬೈದರೂ ಸರಿ, ಹೊಡೆದರೂ ಸರಿ ಎಂದು ಎಂಟನೆಯ ದಿನ ಎದುರು ನಿಂತು ಎಲ್ಲ ಹೇಳಿಬಿಟ್ಟೆ.

ಮಾವ ಎದ್ದು ಒಳಗೆ ಹೋದರು. ಏರ್‌ಗನ್ ತಂದು, ಮುಚ್ಚಳಕ್ಕಿಂತ ಒಂದು ಗೇಣು ಬಲಕ್ಕೆ ಗುರಿಯಿಟ್ಟರು. ಠಣ್! ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿದ್ದವು.

"ಅದನ್ನ ಮುರಿದಿದ್ದಕ್ಕೆ ಸಿಟ್ಟಿಲ್ಲ. ಎಂಟು ದಿನ ನನ್ನ ಕುರುಡನ್ನ ಮಾಡಿಟ್ಟಿದ್ರಲ್ರಿ!"

ಇಷ್ಟು ಬರೆದು ಪೆನ್ನು ಮುಚ್ಚುತ್ತಿದ್ದೇನೆ. ಒಳಗೆ ಹೆಂಡತಿ, "ನಂಗೆ ಮರೆವು ಹತ್ತೈತೆ" ಎಂದು ಗೊಣಗುತ್ತ ನಿನ್ನೆಯಿಂದ ಟ್ರಂಕಿನ ಬೀಗದಕೈ ಹುಡುಕುತ್ತಿದ್ದಾಳೆ. ಅದನ್ನು ಕಳೆದು ಸುಮ್ಮನಿದ್ದವನು ನಾನು. ಈಗಲೇ ಹೋಗಿ ಹೇಳುತ್ತೇನೆ.