ನನ್ನ ಕಣ್ಣು ಬೆಂಡಿನ ಮೇಲಿತ್ತು ಎಂದೆ

ನಾನು ನಿಂತಿದ್ದದ್ದು ಕಮಲಾಪುರದ ಹೊರಗಿನ ಕೆರೆಯ ದಂಡೆಯಲ್ಲಿ, ತೂಬಿನ ಕಲ್ಲುಕಟ್ಟೆಯಿಂದ ಎಡಕ್ಕೆ ಇಪ್ಪತ್ತೆರಡು ಹೆಜ್ಜೆ ದೂರದಲ್ಲಿ. ಹನ್ನೊಂದು ವರ್ಷದ ಹಿಂದೆ, ದಸರೆಗೆ ಮುಂಚಿನ ಭಾನುವಾರ, ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ವೇಳೆಯನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಮನೆಯಿಂದ ಫೋನು ಬಂದಿತ್ತು. ಅದನ್ನು ಜೇಬಿನಿಂದ ತೆಗೆಯಲೆಂದೇ ಎದ್ದು ನಿಂತೆ. ಎದ್ದು ನಿಂತದ್ದರಿಂದಲೇ ಕಂಡಿತು. ಕೂತಿದ್ದರೆ ನಡುವಿನ ಎತ್ತರದ ಹುಲ್ಲು ಅಡ್ಡವಾಗುತ್ತಿತ್ತು.

ಕಂಡೆ. ಕಂಡದ್ದನ್ನು ಅದೇ ದಿನ ಕಂಡಿಲ್ಲವೆಂದೆ. ಆ ಒಂದು ಮಾತಿನಿಂದ ಬಶೀರ್ ಮಿಸ್ತ್ರಿ ಕಳ್ಳರೆನಿಸಿಕೊಂಡರು. ಅವರು ಕಳ್ಳರಲ್ಲ. ಅದು ಆಗಲೂ ನನಗೆ ಗೊತ್ತಿತ್ತು.

ನಾವೆಲ್ಲ ಕಲಬುರಗಿಯ ಕಪನೂರಿನ ಒಂದು ಲೇತ್ ಕಾರ್ಖಾನೆಯವರು. ತೊಗರಿ ಬ್ಯಾಳಿ ಮಿಲ್ಲುಗಳ ರೋಲರುಗಳನ್ನು ತಿರುವಿ ಕೊಡುವ ಕೆಲಸ. ಮಾಲೀಕರು ದೇವೀಂದ್ರಪ್ಪ ಸಾವ್ಕಾರರು. ಬಶೀರ್ ಅಲ್ಲಿಯ ಹಿರಿಯ ಮಿಸ್ತ್ರಿ. ಕಬ್ಬಿಣವನ್ನು ಕೂದಲೆಳೆಯಷ್ಟು ಹೆರೆಯುವುದನ್ನು ನನಗೆ ಕಲಿಸಿದವರು ಅವರು, ಗಾಳ ಹಾಕುವುದನ್ನೂ. ನನ್ನ ಗಾಳದ ಬೆಂಡನ್ನೂ ಅವರೇ ಮಾಡಿ ಕೊಟ್ಟಿದ್ದರು — ಜೋಳದ ದಂಟಿನ ಒಳಗಿನ ತಿರುಳು, ತುದಿಗೆ ಕೆಂಪು ಬಣ್ಣ; ನೀರ ಮೇಲೆ ತೇಲುತ್ತದೆ, ಮೀನು ಕಚ್ಚಿದರೆ ಮುಳುಗುತ್ತದೆ.

ವರ್ಷಕ್ಕೊಮ್ಮೆ, ಮಳೆ ನಿಂತು ಕೆರೆ ತಿಳಿಯಾದ ಮೇಲೆ, ನಾವು ಎಂಟು ಜನ ಟೆಂಪೋ ಮಾಡಿಕೊಂಡು ಗಾಳದ ಪಂದ್ಯಕ್ಕೆ ಹೋಗುತ್ತಿದ್ದೆವು. ಗೆದ್ದವನಿಗೆ ಕಮಲಾಪುರದ ಕೆಂಪು ಬಾಳೆಯ ಒಂದು ಗೊನೆ. ಆದರೆ ಗೆದ್ದವನು ಅದನ್ನು ಎಲ್ಲರಿಗೂ ಹಂಚಬೇಕು; ಕೊನೆಗೆ ಅವನ ಪಾಲಿಗೆ ಬರೀ ದಿಂಡು. ಅಷ್ಟು ಹಗುರವಾದ ಪಂದ್ಯ ಅದು. ಹಗುರವಾಗಿಯೇ ಇರಬೇಕಿತ್ತು —

ಒಂದೇ ಒಂದು ನಿಯಮ ಮಾತ್ರ ಗಟ್ಟಿ. ಮೀನು ನೀರಿನಿಂದ ಹೊರಬರುವಾಗ ಪಕ್ಕದ ಜಾಗದವನು ಅದನ್ನು ನೋಡಿ 'ಹೌದು' ಅನ್ನಬೇಕು. ಬಾಜೂನವನು ಹೌದು ಅನ್ನದ ಮೀನು ಲೆಕ್ಕಕ್ಕಿಲ್ಲ. ಹಿಡಿದದ್ದನ್ನು ಬಲೆಯ ಚೀಲದಲ್ಲಿ ಹಾಕಿ, ಬಾಯಿಗೆ ಗಂಟು ಬಿಗಿದು, ಗೂಟಕ್ಕೆ ಕಟ್ಟಿ ನೀರಲ್ಲೇ ಬಿಡುವುದು. ಮೂರು ಗಂಟೆಗೆ ತೂಕ. ತೂಗುವವರು ಕಾಶಿನಾಥ ಕಾಕಾ. ಕಾರ್ಖಾನೆಗೆ ಬರುವ ಮೊದಲು ನೆಹರು ಗಂಜಿನ ಪೇಟೆಯಲ್ಲಿ ತೊಗರಿ ತೂಗಿ ತೂಗಿ ಅವರ ಕೈಯೇ ತಕ್ಕಡಿಯಾಗಿತ್ತು.

ಆ ದಿನ ಚೀಟಿ ಎತ್ತಿದಾಗ ಜಾಗಗಳು ಹೀಗೆ ಬಿದ್ದವು. ಎಡತುದಿಯಲ್ಲಿ ಜಾಲಿಯ ಪೊದೆ, ಅದಕ್ಕೆ ಹತ್ತಿ ಸಾವ್ಕಾರರು. ಅವರ ಬಲಕ್ಕೆ ನಾನು. ನನ್ನ ಬಲಕ್ಕೆ ಬಶೀರ್ ಮಿಸ್ತ್ರಿ. ಆಮೇಲೆ ತೂಬಿನ ಕಟ್ಟೆ. ಉಳಿದ ಐವರು ಅದರಾಚೆ. ಎಂದರೆ ಸಾವ್ಕಾರರಿಗೂ ಮಿಸ್ತ್ರಿಗೂ ಬಾಜೂನವನು ನಾನೊಬ್ಬನೇ.

ಸಾವ್ಕಾರರು ಹೈದರಾಬಾದಿನಿಂದ ಹೊಸ ಗಾಳ ತರಿಸಿದ್ದರು, ಚಕ್ರವಿದ್ದದ್ದು, ಹೊಳೆಯುವಂಥದು. ವಾರವಿಡೀ ಕಾರ್ಖಾನೆಯಲ್ಲಿ ಅದರದೇ ಮಾತು. "ಈ ಸಲ ಮಿಸ್ತ್ರಿಗೆ ದಿಂಡೂ ಸಿಗಂಗಿಲ್ಲ ನೋಡ್ರಿ" ಅನ್ನುತ್ತಿದ್ದರು. ಮಿಸ್ತ್ರಿ ನಕ್ಕು, "ಮೀನಕ್ಕ ರೇಟ್ ಗೊತ್ತಾಗಂಗಿಲ್ರೀ ಸಾವ್ಕಾರ್ರ, ಹಿಟ್ಟಷ್ಟೇ ಗೊತ್ತಾಗ್ತದ" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಸಾವ್ಕಾರರೂ ನಕ್ಕರೇ? ನೆನಪಿಲ್ಲ. ನೆನಪಿಲ್ಲದ್ದನ್ನು ಬರೆಯುವುದಿಲ್ಲ.

ಹನ್ನೊಂದರೊಳಗೆ ಮಿಸ್ತ್ರಿ ತಮ್ಮ ಬಿದಿರ ಕೋಲಿನಿಂದ ಎರಡು ರೋಹು ಎತ್ತಿದರು. ಎರಡು ಸಲವೂ ನಾನು "ಹೌದ್ರಿ ಮಿಸ್ತ್ರಿ" ಅಂದೆ. ತೂಬಿನಾಚೆಯವರಿಗೆ ನನ್ನ ದನಿ ಕೇಳಿರಲಿಕ್ಕಿಲ್ಲ. ಸಾವ್ಕಾರರಿಗೆ ಒಂದೂ ಬಿದ್ದಿರಲಿಲ್ಲ. ಒಂದೂವರೆಯ ಹೊತ್ತಿಗೆ ಮಿಸ್ತ್ರಿ ನೀರಿನ ಕೊಡ ಹಿಡಿದು ಎದ್ದರು. ಏರಿಯ ಕೆಳಗೆ ಶಾಂತಾಬಾಯಿಯ ಬಾಳೆ ತೋಟ, ಅಲ್ಲಿ ಬೋರ್ ಇತ್ತು. ನಮ್ಮೆಲ್ಲರಿಗೂ ಕುಡಿಯುವ ನೀರು ತರಲು ಹೋದರು. ಹೋಗುವ ದಾರಿ ಸಾವ್ಕಾರರ ಬೆನ್ನ ಹಿಂದಿನಿಂದ, ಜಾಲಿಯನ್ನು ಸುತ್ತಿ.

ಆಮೇಲೆ ಫೋನು ಬಂತು. ಎದ್ದೆ. ಎಡಕ್ಕೆ ತಿರುಗಿದೆ.

ಸಾವ್ಕಾರರು ತಮ್ಮ ಚೀಲವನ್ನು ನೀರಿನಿಂದ ಮೇಲಕ್ಕೆಳೆದಿದ್ದರು. ಚೀಲ ಖಾಲಿ. ನೀರು ಸುರಿಯುತ್ತಿತ್ತು, ಒಳಗೆ ಮಿಸುಕಾಡುವುದೇನೂ ಇರಲಿಲ್ಲ. ಅವರು ಜಾಲಿಯ ಕಡೆ ಒಮ್ಮೆ ನೋಡಿದರು. ಬಾಯಿಯ ಗಂಟು ಬಿಚ್ಚಿದರು. ಹಗ್ಗವನ್ನು ಎರಡೂ ಕಡೆಗೆ ಜಗ್ಗಿ ಸಡಿಲ ಮಾಡಿದರು. ಚೀಲವನ್ನು ಮತ್ತೆ ನೀರಿಗೆ ಬಿಟ್ಟರು. ನಾನು ನೋಡುತ್ತಲೇ ನಿಂತಿದ್ದೆ. ಖಾಲಿ ಚೀಲದ ಗಂಟನ್ನು ಯಾರಾದರೂ ಏಕೆ ಬಿಚ್ಚುತ್ತಾರೆ — ಆ ಕ್ಷಣಕ್ಕೆ ತಿಳಿಯಲಿಲ್ಲ. ಆಗ ಜಾಲಿಯಾಚೆಯಿಂದ, ಕೊಡ ಹೊತ್ತು ಏರಿ ಹತ್ತಿದ ಮಿಸ್ತ್ರಿಯ ಕೂಗು ಬಂತು:

"ಮಲ್ಕಪ್ಪ! ಬಡಿಯೋ! ಬೆಂಡ್ ಮುಳಗ್ಯಾದ ಬೇಟಾ, ಎಲ್ಲಿ ನೋಡಾಕತ್ತೀದಿ?"

ಬೆಚ್ಚಿ ಕೋಲು ಎತ್ತಿದೆ. ತಡವಾಗಿತ್ತು. ಗಾಳ ಬರಿದಾಗಿ ಬಂತು.

ಸಾವ್ಕಾರರು ನನ್ನನ್ನು ಕಂಡರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಕೂಗು ಕೇಳಿ ಅವರೂ ತಲೆ ಎತ್ತಿದ್ದರು. ನನ್ನ ಕಡೆಗೋ, ಕೂಗಿದ ಕಡೆಗೋ. ಮಿಸ್ತ್ರಿಗೆ ಮಾತ್ರ ಅವರು ಜಾಲಿಯ ಮರೆಯಲ್ಲಿದ್ದರು.

ಮೂರಕ್ಕೆ ಕಾಕಾ ತಕ್ಕಡಿ ಹಿಡಿದು ಬಂದರು, ಉಳಿದವರೂ ಬಂದರು. ಸಾವ್ಕಾರರು ಚೀಲ ಎತ್ತಿ, "ಅಯ್ಯ, ಗಂಟ ಸಡಲ್ಯಾದ! ಎರಡ ಇದ್ದವು, ಹ್ವಾದ್ವು ನೋಡ್ರಿ" ಅಂದರು. ಒಂದು ಮಾತನ್ನು ಇಲ್ಲಿ ಅವರ ಪರವಾಗಿಯೂ ಬರೆಯಬೇಕು. ಆಗ ಅವರು ಯಾರ ಹೆಸರನ್ನೂ ಹೇಳಲಿಲ್ಲ. ಬರಿಗೈಯಲ್ಲಿ ಹೋಗುವ ನಾಚಿಕೆಯನ್ನು ಒಂದು ಸಡಿಲ ಗಂಟಿನ ಮೇಲೆ ಹಾಕಿದರು, ಅಷ್ಟೇ. ಅಷ್ಟಕ್ಕೇ ನಿಂತಿದ್ದರೆ —

ಮಿಸ್ತ್ರಿಯ ಚೀಲದಲ್ಲಿ ಎರಡು ರೋಹು ಕಂಡು, ಚೇಷ್ಟೆ ಬಿಡದ ಕಾಕಾ ಅಂದರು: "ಎರಡ ಅಲ್ಲಿ ಹ್ವಾದ್ವು, ಎರಡ ಇಲ್ಲಿ ಬಂದ್ವು! ಸಾವ್ಕಾರ್ರ, ನಿಮ್ಮ ಮೀನಕ್ಕ ಕಾಲ ಮೂಡ್ಯಾವೇನ್ರಿ?"

ಎಲ್ಲರೂ ನಕ್ಕರು. ನಗು ನಿಂತಿತು. ನಿಂತ ಮೇಲೆ ಯಾರೋ ಒಬ್ಬರು ನಗದೆ ಅಂದರು: "ನೀರಿಗೆ ಹೋಗಾಗ ಮಿಸ್ತ್ರಿ ಅದೇ ಕಡಿಂದ ಹೋಗಿದ್ರಲ್ಲ." ಆ ದನಿ ಯಾರದೆಂದು ಹನ್ನೊಂದು ವರ್ಷ ಹುಡುಕಿದ್ದೇನೆ. ಸಿಕ್ಕಿಲ್ಲ. ಅಲ್ಲಿದ್ದ ಒಬ್ಬೊಬ್ಬರ ಬಾಯಲ್ಲೂ ಅದನ್ನು ಇಟ್ಟು ನೋಡಿದ್ದೇನೆ. ಎಲ್ಲರ ಬಾಯಿಗೂ ಹೊಂದುತ್ತದೆ.

ಮಿಸ್ತ್ರಿ ಇನ್ನೂ ನಗುತ್ತಲೇ ಇದ್ದರು. "ಮಜಾಕ್ ಸಾಕ್ರಪಾ. ಮಲ್ಕಪ್ಪಗ ಕೇಳ್ರಿ. ಎರಡಕ್ಕೂ ಅಂವನೇ ಹೌದು ಅಂದಾನ."

"ಹೌದು, ಅಂವಗೇ ಕೇಳ್ರಿ," ಅಂದರು ಸಾವ್ಕಾರರು. "ನನ್ನ ಬಾಜೂನೂ ಅಂವನೇ ಇದ್ದ." ಅವರ ದನಿ ಸಣ್ಣಗಿತ್ತು. ಅದರಲ್ಲಿ ಬೇಡಿಕೆ ಇತ್ತೇ, ಬೆದರಿಕೆ ಇತ್ತೇ? ಎರಡೂ ಇಲ್ಲದೆ ಬರೀ ಭಯವಿತ್ತೇ?

"ಹೇಳೋ ಮಲ್ಕಪ್ಪ," ಅಂದರು ಕಾಕಾ. "ಯಾರ ಮೀನ ಯಾರ್ವು?"

ಎರಡು ಮಾತು ಸಾಕಿತ್ತು. ಮಿಸ್ತ್ರಿಯವು ಮಿಸ್ತ್ರಿಯವೇ. ಸಾವ್ಕಾರರ ಚೀಲ ಮೊದಲಿನಿಂದ ಖಾಲಿ. ನಾನು ಅಂದದ್ದು:

"ನನ್ನ ಕಣ್ಣ ಬೆಂಡಿನ ಮ್ಯಾಲಿದ್ವು ಕಾಕಾ. ನಾ ಏನೂ ನೋಡಿಲ್ಲ."

ಗಾಳ ಹಾಕುವವನ ಈ ಮಾತನ್ನು ಯಾರೂ ಸುಳ್ಳೆನ್ನಲಾರರು. ಎಲ್ಲರ ಕಣ್ಣೂ ಬೆಂಡಿನ ಮೇಲೇ ಇರುವುದು ತಾನೆ. ಆ ಒಂದೇ ಮಾತು ಸಾವ್ಕಾರರ ಖಾಲಿ ಚೀಲವನ್ನು ಮುಚ್ಚಿತು, ಮಿಸ್ತ್ರಿಯ ಎರಡು ಮೀನುಗಳ ಸಾಕ್ಷಿಯನ್ನೂ ಅಳಿಸಿತು. ಇದು ನನಗೆ ಅನ್ನುವಾಗಲೇ ಗೊತ್ತಿತ್ತೆ? ಗೊತ್ತಿತ್ತು. ಗೊತ್ತಿದ್ದೇ ಆ ಮಾತನ್ನು ಆರಿಸಿದೆ.

ಮಿಸ್ತ್ರಿಯ ನಗು ಹೋಯಿತು. ನನ್ನ ಕಡೆ ನೋಡಿದರು, ಬಹಳ ಹೊತ್ತು. ಬಗ್ಗಿ ತಮ್ಮ ಚೀಲವನ್ನು ನೀರಿನಲ್ಲಿ ತಿರುವಿ ಹಾಕಿದರು. ಎರಡೂ ರೋಹು ಹೋದವು. ಕಾಕಾ ತಕ್ಕಡಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಆ ವರ್ಷ ಯಾರದೂ ತೂಕವಾಗಲಿಲ್ಲ. ಬಾಳೆಯ ಗೊನೆ ಟೆಂಪೋದಲ್ಲಿ ನಮ್ಮ ಕಾಲ ಬಳಿಯೇ ಬಿದ್ದಿತ್ತು. ಒಬ್ಬರೂ ಒಂದು ಹಣ್ಣು ಕೀಳಲಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹತ್ತಿರ ಮಿಸ್ತ್ರಿ ಇಳಿದರು. ಇಳಿದವರು ನನ್ನ ಬದಿಗೆ ಬಂದು, ನನಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಅಂದರು: "ನಿನ್ನ ಬೆಂಡ್ ಮುಳಗಿತ್ತು ಬೇಟಾ. ನೀ ಬಡೀಲಿಲ್ಲ. ನಾ ಕೂಗಿದ ಮ್ಯಾಲೆ ಬಡದಿ. ಆವಾಗ ನಿನ್ನ ಕಣ್ಣ ಎಲ್ಲಿದ್ವು?"

ಟೆಂಪೋ ಹೊರಟಿತು. ಅವರು ಆ ಪ್ರಶ್ನೆಯನ್ನು ಕೆರೆಯ ಮೇಲೆ ಎಲ್ಲರೆದುರು ಕೇಳಬಹುದಿತ್ತು. ಕೇಳಲಿಲ್ಲ. ತಾನು ಕಲಿಸಿದವನು ತಾನಾಗಿಯೇ ಹೇಳಲಿ ಎಂದು ಕಾದರು — ಹೀಗೆಂದು ನಾನು ಅಂದುಕೊಂಡಿದ್ದೇನೆ. ಅವರು ಹಾಗೆ ಹೇಳಿಲ್ಲ.

ಇಲ್ಲಿಗೇ ಮುಗಿದಿದ್ದರೂ ತಪ್ಪು ದೊಡ್ಡದೇ. ಮುಗಿಯಲಿಲ್ಲ.

ಸಾವ್ಕಾರರು ಮಿಸ್ತ್ರಿಯನ್ನು ಕೆಲಸ ಬಿಡು ಅನ್ನಲಿಲ್ಲ. ಆ ಮಾತನ್ನೇ ಎತ್ತಲಿಲ್ಲ. ಆದರೆ ಮುಂದಿನ ವಾರ ಒಂದು ಅಳತೆಯ ಮೈಕ್ರೋಮೀಟರು ಕಾಣೆಯಾಯಿತು. ಎರಡು ದಿನದ ಮೇಲೆ ಮಷೀನಿನ ಕೆಳಗೇ ಸಿಕ್ಕಿತು. ಆ ಎರಡು ದಿನ ಎಲ್ಲರೂ ಎಲ್ಲಿ ನೋಡುತ್ತಿದ್ದರೆಂದು ನನಗೆ ಗೊತ್ತು, ನಾನೂ ನೋಡಿದೆ. ಕಳ್ಳತನದ ಮಾತು ಸುಳ್ಳೆಂದು ತಿಳಿದವನು ನಾನು, ಆದರೂ ನನ್ನ ಕಣ್ಣು ಮಿಸ್ತ್ರಿಯ ಡಬ್ಬಿಯ ಮೇಲೆ ಹೋಯಿತು. ಸಂಶಯ ಸುಳ್ಳು ಹೇಳಿದವನಿಗೂ ಅಂಟುತ್ತದೆ. ಆಮೇಲೆ ಸಾಮಾನಿನ ಡ್ರಾಯರುಗಳಿಗೆ ಬೀಗ ಬೀಳತೊಡಗಿದವು, ಒಂದಾದ ಮೇಲೊಂದು. ಕೊನೆಗೆ ಬೀಗವಿಲ್ಲದ್ದು ನನ್ನದೊಂದೇ ಉಳಿಯಿತು. 'ಇವನೊಬ್ಬ ಯಾಕೆ ಹಾಕಿಲ್ಲ, ಇವನಿಗೇನು ಗೊತ್ತು' ಎಂದು ಯಾರಾದರೂ ಕೇಳಿಯಾರು ಅನ್ನಿಸಿತು. ನಾನೂ ಬೀಗ ತಂದು ಹಾಕಿದೆ.

ಮಿಸ್ತ್ರಿ ಆ ಸಂಜೆ ಅದನ್ನು ನೋಡಿದರು. ಬೆರಳಿನಿಂದ ಒಮ್ಮೆ ಮುಟ್ಟಿದರು, ಮಷೀನಿನ ಮೇಲಿನ ಧೂಳು ನೋಡುವ ಹಾಗೆ. ತಮ್ಮ ಲೇತನ್ನು ಒರೆಸಿ ಎಣ್ಣೆ ಹಚ್ಚಿದರು. ಮರುದಿನದಿಂದ ಬರಲಿಲ್ಲ. ಒಂದು ತಿಂಗಳಿಗೆ ನಾನು ಅವರ ಜಾಗದ ಮಿಸ್ತ್ರಿಯಾದೆ.

ಅದಾದ ಮೇಲೆ ನಾನೊಬ್ಬನೇ ಆ ಕೆರೆಗೆ ಹೋಗಿದ್ದೇನೆ. ಹೆಜ್ಜೆ ಎಣಿಸಿದ್ದು ಆಗಲೇ. ನಿಂತು, ಕೂತು, ಮತ್ತೆ ನಿಂತು ನೋಡಿದೆ. ನಾನು ಕಂಡದ್ದು ತಪ್ಪಿರಲಿ ಎಂಬ ಆಸೆಯಿಂದ. ಏರಿಯ ಮೇಲಿನಿಂದ ಶಾಂತಾಬಾಯಿ ನನ್ನ ಗುರುತು ಹಿಡಿದು ಕೇಳಿದರು: "ಏನಣ್ಣಾ, ಅವತ್ತ ನಿಮ್ಮ ಸಾವ್ಕಾರ ಖಾಲಿ ಚೀಲದ ಗಂಟ ಬಿಚ್ಚಿ ಮತ್ತ ನೀರಾಗ ಬಿಟ್ರಲ್ಲ, ಅದೇನ್ ಗಂಗಮ್ಮನ ಪೂಜಿ ಏನು?" ಬೋರಿನ ನೀರು ಬಿಟ್ಟು, ಏರಿಯ ಮೇಲೆ ಬುತ್ತಿ ತಿನ್ನುತ್ತ ಕೂತಿದ್ದರಂತೆ. ಬಾಯಿ ತುಂಬ ನಕ್ಕರು. ನಾನೂ ನಕ್ಕೆ. ನನ್ನ ಕಣ್ಣು ಸರಿಯಿತ್ತು. ಜೊತೆಗೆ ಇನ್ನೊಬ್ಬ ಸಾಕ್ಷಿ ಸಿಕ್ಕಿತ್ತು. ಬಸ್ಸು ಹತ್ತಿ ಕಲಬುರಗಿಗೆ ಬಂದು ಮರುದಿನ ಕೆಲಸಕ್ಕೆ ಹೋದೆ.

ಒಮ್ಮೆ ಸಾವ್ಕಾರರು ನಾನು ತಿರುವಿದ ರೋಲರನ್ನು ಬೆಳಕಿಗೆ ಹಿಡಿದು, "ನಿನ್ನ ಕಣ್ಣ ಭಾಳ ಚೂಪ ಅವ, ಮಲ್ಕಪ್ಪ" ಅಂದರು. ಹೆಗಲ ಮೇಲೆ ಕೈ ಇಟ್ಟರು. ಕೆಲಸದ ಬಗ್ಗೆ ಅಂದರೋ, ಬೇರೆಯದರ ಬಗ್ಗೆಯೋ? ಮಿಸ್ತ್ರಿಯ ಜಾಗ ನನಗೆ ಕೊಟ್ಟದ್ದು ಕೈಗುಣಕ್ಕೋ, ಬಾಯಿ ಮುಚ್ಚಿದ್ದಕ್ಕೋ? ಹನ್ನೊಂದು ವರ್ಷ ಅವರ ಪ್ರತಿ ಮಾತನ್ನೂ ಹೀಗೆ ತಿರುವಿ ತಿರುವಿ ನೋಡಿದ್ದೇನೆ. ಕೇಳಿಲ್ಲ. ಕೇಳಿದರೆ ಉತ್ತರ ಬಂದೀತು.

ಕಳೆದ ತಿಂಗಳು ಕಾಶಿನಾಥ ಕಾಕಾ ಹಾಸಿಗೆ ಹಿಡಿದಿದ್ದರು. ನೋಡಲು ಹೋದೆ. ಬೇರೆಯವರು ಹೊರಗೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡರು. "ನಾ ಚೇಷ್ಟಿ ಮಾಡಿದ್ದೆಪಾ. ಕಾಲ ಮೂಡ್ಯಾವೇನು ಅಂದೆ. ಅಲ್ಲಿಂದ ಸುರು ಆತು. ಬಶೀರ್ ಖರೇನೇ ತಗೊಂಡಿದ್ದನೇನೋ? ನೀ ಬಾಜೂಕಿದ್ದಿ. ಹೇಳು, ನನಗ ನಿದ್ದಿ ಹತ್ತವಲ್ದು."

ತನ್ನ ಒಂದು ನಗೆಮಾತಿಗಾಗಿ ಆ ಮನುಷ್ಯ ಹನ್ನೊಂದು ವರ್ಷ ಬೆಂದಿದ್ದರು. ಒಂದು ಮಾತಿನಲ್ಲಿ ನಾನು ಅವರನ್ನು ಬಿಡಿಸಬಹುದಿತ್ತು. ಅಥವಾ ಇನ್ನಷ್ಟು ನೋಯಿಸಬಹುದಿತ್ತು. ಆದರೆ ಅದು ನಿಜದ ನೋವಾಗುತ್ತಿತ್ತು.

"ನನಗ ಗೊತ್ತಿಲ್ಲ ಕಾಕಾ. ಬೆಂಡ್ ನೋಡಾಕತ್ತಿದ್ದೆ" ಅಂದೆ.

ನಾಲ್ಕು ದಿನಕ್ಕೆ ಅವರು ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಮಣ್ಣಿಗೆ ಬಂದವರ ನಡುವೆ, ದೂರದಲ್ಲಿ, ಬಶೀರ್ ಮಿಸ್ತ್ರಿ ನಿಂತಿದ್ದರು. ತಲೆಗೆ ಟೋಪಿ, ಕೈಯಲ್ಲಿ ಒಂದು ಮುಷ್ಟಿ ಮಣ್ಣು. ನಾನು ಜನರ ಮರೆಗೆ ಸರಿದೆ.

ಬರುವ ಭಾನುವಾರ ಮತ್ತೆ ಪಂದ್ಯ. ಅದಕ್ಕೆ ಮೊದಲು ಸೂಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಹೋಗುತ್ತೇನೆ. ಮಿಸ್ತ್ರಿ ಅಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಹನ್ನೊಂದು ವರ್ಷದಿಂದ ನಾನು ಆ ಗಲ್ಲಿಯನ್ನು ತಪ್ಪಿಸಿ ಓಡಾಡಿದ್ದೇನೆ. ಅವರೆದುರು ಇದನ್ನು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕಷ್ಟೇ ಉತ್ತರ. ಆಮೇಲೆ ಭಾನುವಾರ, ಚೀಟಿ ಎತ್ತುವ ಮೊದಲು, ಕೆರೆಯ ಮೇಲೆ ಎಲ್ಲರೆದುರು, ಸಾವ್ಕಾರರ ಮುಂದೆಯೇ ಓದುತ್ತೇನೆ. ಸೋಮವಾರ ನನಗೆ ಕೆಲಸ ಇರುತ್ತದೋ ಇಲ್ಲವೋ, ತಿಳಿಯದು. ನನ್ನ ಡ್ರಾಯರಿನ ಬೀಗವನ್ನು ನಿನ್ನೆ ತೆಗೆದೆ.

ಅವತ್ತು ಕಂಡವರು ಯಾರು, ಅವರಲ್ಲಿ ಈಗ ಯಾರಿದ್ದಾರೆ ಎಂದು ಕೇಳುವವರಿಗಾಗಿ ಬರೆದಿಡುತ್ತೇನೆ. ಕಾಶಿನಾಥ ಕಾಕಾ ಏನನ್ನೂ ಕಂಡಿರಲಿಲ್ಲ; ಸತ್ತವರು ಅವರೊಬ್ಬರೇ. ಏರಿಯ ಮೇಲಿನಿಂದ ಕಂಡವರು ಶಾಂತಾಬಾಯಿ. ಈಗಲೂ ಅದೇ ತೋಟದಲ್ಲಿದ್ದಾರೆ. ಗಂಟು ಬಿಚ್ಚಿದ ತಮ್ಮ ಕೈಯನ್ನೇ ಕಂಡವರು ದೇವೀಂದ್ರಪ್ಪ ಸಾವ್ಕಾರರು. ದಿನಾ ಒಂಬತ್ತಕ್ಕೆ ಕಾರ್ಖಾನೆಗೆ ಬರುತ್ತಾರೆ. ನನ್ನ ಬೆಂಡು ಮುಳುಗಿದ್ದನ್ನು ಕಂಡವರು ಬಶೀರ್ ಮಿಸ್ತ್ರಿ. ಮತ್ತು ನಾನು, ಮಲ್ಕಪ್ಪ. ನಾಲ್ವರೂ ಬದುಕಿದ್ದೇವೆ.