ನನ್ನ ಹೆಸರಲ್ಲಿ ಹೋದ ಮೇಲ್

ಮಾಲೂರು ಸ್ಟೇಷನ್ನಿನಲ್ಲಿ ಎದುರಾದ ನಸ್ರೀನ್ ಎಂದಿನಂತೆ ನಮಸ್ಕರಿಸಲಿಲ್ಲ. ಹೈಸ್ಕೂಲಿನಲ್ಲಿ ನನ್ನಿಂದ ಕಂಪ್ಯೂಟರ್ ಕಲಿತವಳು, ಇಲ್ಲಿನ ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಇವತ್ತು ರಜೆಯೇ ಎಂದು ಕೇಳಿದೆ.

"ಕೆಲಸದಿಂದ ತೆಗೆದ್ರು ಸಾರ್. ನಿಮ್ಮ ಮೇಲ್‌ನಲ್ಲಿದ್ದ ಲಿಂಕ್ ಒತ್ತಿದ್ದಕ್ಕೆ."

ಹದಿನೈದು ದಿನಗಳ ಹಿಂದೆ, ನನ್ನ ಇಮೇಲ್ ಖಾತೆ ಅಂದೇ ಮುಚ್ಚಿಹೋಗುತ್ತದೆ ಎಂಬ ಮೇಲ್ ಬಂದಿತ್ತು. ಗಾಬರಿಯಲ್ಲಿ ಲಿಂಕ್ ಒತ್ತಿ ಪಾಸ್‌ವರ್ಡ್ ತುಂಬಿದೆ. ಕಳ್ಳರು ನನ್ನ ಖಾತೆಗೆ ನುಗ್ಗಿ, ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ನನ್ನ ಹೆಸರಲ್ಲೇ ಇನ್ನೊಂದು ಲಿಂಕ್ ಕಳಿಸಿದರು. ಅದು ಗೊತ್ತಾದ ಮೇಲೂ ನಾನು ಯಾರನ್ನೂ ಎಚ್ಚರಿಸಲಿಲ್ಲ. ಕಂಪ್ಯೂಟರ್ ಮೇಷ್ಟ್ರೇ ಮೋಸ ಹೋದರಂತೆ ಎಂದು ನಮ್ಮೂರು ಶ್ರೀನಿವಾಸಪುರವೆಲ್ಲ ನಗುತ್ತದೆಂಬ ಭಯಕ್ಕೆ, ಪಾಸ್‌ವರ್ಡ್ ಬದಲಿಸಿ ಸುಮ್ಮನಾದೆ. ನಸ್ರೀನ್ ಆ ಲಿಂಕನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆರೆದಿದ್ದಳು. ಕಾರ್ಖಾನೆಯ ಫೈಲುಗಳೆಲ್ಲ ಲಾಕ್ ಆಗಿಹೋದವು.

ಒತ್ತುವ ಮೊದಲು ಸ್ವಲ್ಪ ಯೋಚಿಸಬಾರದಿತ್ತೇ ಎಂದು ನಾಚಿಕೆಯಿಲ್ಲದೆ ಕೇಳಿಬಿಟ್ಟೆ.

"ಗೊತ್ತಿರೋರು ಕಳಿಸಿದ ಮೇಲ್ ಮಾತ್ರ ತೆಗೀರಿ ಅಂತ ನೋಟ್ಸಲ್ಲಿ ಬರೆಸಿದ್ದು ನೀವೇ ಅಲ್ವಾ ಸಾರ್," ಎಂದವಳು, ಬೇರೆ ಕೆಲಸ ಹುಡುಕಲು ಬೆಂಗಳೂರಿನ ರೈಲು ಹತ್ತಿದಳು.

ಅಂದು ಸಂಜೆ ಹಳೆಯ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹೆಚ್ಚಿನವರು ಎತ್ತಲಿಲ್ಲ. ಎತ್ತಿದವರು ನನ್ನ ದನಿ ಕೇಳಿಯೂ ಮೊದಲು ಒಂದೇ ಮಾತು ಕೇಳಿದರು: "ನಿಜವಾಗ್ಲೂ ನೀವೇನಾ ಸಾರ್?"