ಮುಳುಗಡೆ ಊರಿನ ಕೊನೇ ಮನೆ

ಮೊದ್ಲೇ ಹೇಳ್ಬಿಡ್ತೀನಿ, ದೆವ್ವ, ಭೂತ, ಚೌಡಿ ಇದ್ಯಾವ್ದನ್ನೂ ನಾನು ನಂಬೋನಲ್ಲ. ಕ್ಲಾಸಲ್ಲಿ ಯಾರಾದ್ರೂ ಅಂಥ ಕಥೆ ಶುರು ಮಾಡಿದ್ರೆ, ಸರಿಯಾಗಿ ಭಯ ಹುಟ್ಟೋ ಹೊತ್ತಿಗೆ 'ಆ ಚೌಡಿ ಯಾವ ಸಿಮ್ ಹಾಕಿದ್ಲು ಮಾರಾಯ, ಕಾಡಲ್ಲಿ ಇಷ್ಟು ಬೇಗ ಸಿಕ್ಕಿದ್ಲಲ್ಲ' ಅಂತ ಕೇಳಿ ಕಥೆ ಕೆಡಿಸ್ತಿದ್ದೋನು ನಾನೇ. ಇನ್ನೊಂದು ವಿಷ್ಯನೂ ನಿಮಗೆ ಗೊತ್ತಿರ್ಲಿ. ನಾನು ಹೇಳೋದ್ರಲ್ಲಿ ಉಪ್ಪು ಖಾರ ಜಾಸ್ತಿ. ಒಂದ್ಸಲ ಕೆರೆ ಹತ್ರ ಕೇರೆ ಹಾವು ನೋಡಿದ್ದೆ. ಬಸ್ ಸ್ಟ್ಯಾಂಡಿಗೆ ಬರೋ ಹೊತ್ತಿಗೆ ಅದು ಕಾಳಿಂಗ ಆಗಿತ್ತು, ಮನೆ ಮುಟ್ಟೋ ಹೊತ್ತಿಗೆ ಅದಕ್ಕೆ ಹೆಂಡ್ತಿ ಮಕ್ಕಳೂ ಇದ್ರು. ಹಂಗಾಗಿ ಈ ಕಥೇಲಿ ಎಲ್ಲಿಂದ ಉಪ್ಪು ಖಾರ ನಿಂತಿದೆ ಅಂತ ನಾನೇ ಹೇಳ್ತೀನಿ.

ರಿಪ್ಪನ್‌ಪೇಟೇಲಿ ನಮ್ಮಪ್ಪಂದು ಝೆರಾಕ್ಸ್ ಅಂಗಡಿ. ನನ್ನ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜದಲ್ಲಿ, ಅಪ್ಪ ಮಧ್ಯಾಹ್ನ ಊಟಕ್ಕೆ ಹೋಗಿ ಮಲಗಿ ಎದ್ದು ಬರೋ ತನಕ ಅಂಗಡಿ ನಂದು, ಅಜ್ಜೀದು. ಅಜ್ಜಿಗೆ ಮಿಷನ್ ಗೊತ್ತಿಲ್ಲ, ಆದ್ರೆ ಆಧಾರ್ ಕಾರ್ಡು ಮುದ್ದೆ ಮಾಡ್ಕಂಡು ಬಂದೋರಿಗೆ ಬಯ್ಯೋ ಡಿಪಾರ್ಟ್‌ಮೆಂಟು ಅವ್ರದ್ದೇ. ನಂದು ಮೂಲೇಲಿದ್ದ ಕಂಪ್ಯೂಟರ್ರು. ಅದರಲ್ಲಿ ನಂದೊಂದು ಆನ್‌ಲೈನ್ ಗೇಮಿತ್ತು. ಯಾವ್ಯಾವ್ದೋ ದೇಶದೋರು ಒಂದೇ ಲೋಕದಲ್ಲಿ ಸೇರ್ಕಂಡು ಓಡಾಡೋದು, ಒಬ್ಬೊಬ್ರಿಗೆ ಒಂದೊಂದು ವೇಷ. ನಂದು ಯೋಧ. ಅವನ ಭುಜ ಎಷ್ಟು ಅಗಲ ಅಂದ್ರೆ ಬಾಗಿಲಲ್ಲಿ ಅಡ್ಡ ತಿರುಗಿ ಹೋಗ್ಬೇಕಿತ್ತು. ಸಾಗರದ ಪ್ರಜ್ವಲ್ ಅಂತ ನನ್ನ ದೋಸ್ತು, ಅವನು ಮಂತ್ರವಾದಿ. ಮಂತ್ರ ಹೇಳಿ ಮುಗ್ಸೋದ್ರೊಳಗೆ ಸಾಯೋದು ಅವನ ಸ್ಪೆಷಾಲಿಟಿ.

ಆ ಲೋಕದ ಜಾಗಗಳು ಈಗ್ಲೂ ನನಗೆ ನಮ್ಮ ಪೇಟೆ ಬೀದಿಗಳಷ್ಟೇ ನೆನಪಿದಾವೆ. ಒಂದು ಬಂದರು ಇತ್ತು, ಕತ್ತಿ, ಗುರಾಣಿ, ಸತ್ತ ಡ್ರ್ಯಾಗನ್ನಿನ ಹಲ್ಲು ಎಲ್ಲ ಕೂಗಿ ಕೂಗಿ ಮಾರೋರು. ನಾವು ಅದಕ್ಕೆ ಸಂತೆ ಅಂತಿದ್ವಿ. ಹಿಮದ ಕೋಟೆಗೆ ಫ್ರಿಜ್ಜು. ಕುದುರೆ ಸೊಂಟದ ತನಕ ಹೂತೋಗೋ ಕೆಸರಿಗೆ ಪ್ರಜ್ವಲನ ಮಾವನ ಗದ್ದೆ. ಮೋಡದ ಮೇಲೊಂದು ಸೇತುವೆ ಇತ್ತು, ಅಲ್ಲಿಂದ ಬಿದ್ರೆ ನೆಲ ಮುಟ್ಟೋದ್ರೊಳಗೆ ಒಂದು ಗಿರಾಕಿಗೆ ಝೆರಾಕ್ಸ್ ತೆಗ್ದು ಕೊಟ್ಟು ಬರಬಹುದು. ಆದ್ರೆ ನನಗೆ ಜೀವಕ್ಕೆ ಜೀವ ಅನ್ನೋ ಜಾಗ ಕೆರೆ ತಳದ ಊರು. ಇಂಗ್ಲಿಷಲ್ಲಿ ಅದಕ್ಕೆ ಎಂತದೋ ಉದ್ದ ಹೆಸರಿತ್ತು. ನಾವು ಮುಳುಗಡೆ ಅಂತಿದ್ವಿ. ನಮ್ಮ ಕಡೆ ಇನ್ನೇನು ಅಂತಾರೆ ಹೇಳಿ. ನೀಲಿ ಬೆಳಕು, ಇಳಿಜಾರು ಹೆಂಚಿನ ಮಾಡು, ಕಿಟಕಿ ಒಳಗಿಂದ ಹೊರಗೆ ಈಜೋ ಮೀನು. ಅಲ್ಲಿ ಜಗಳ ಇಲ್ಲ, ರಾಕ್ಷಸ ಇಲ್ಲ, ಸುಮ್ನೆ ಕೂತ್ಕಬಹುದು. ಊರಿನ ಕೊನೇಲಿ ಒಂದು ಮನೆ, ಅದರ ಬಾಗ್ಲು ಮಾತ್ರ ಯಾರಿಗೂ ತೆಗೆಯಕ್ಕೆ ಆಗಿರ್ಲಿಲ್ಲ. ಕೀಲಿ, ಮಂತ್ರ, ಬಾಂಬು ಎಲ್ಲ ಆಗಿತ್ತು. ಪ್ರಜ್ವಲ್ ಅದು ಬಾಗ್ಲೇ ಅಲ್ಲ, ಗೋಡೆ ಮೇಲೆ ಬಿಡ್ಸಿದ ಚಿತ್ರ ಅಂತಿದ್ದ. ನಾನು ತೆಗ್ದೇ ತೆಗೀತೀನಿ ಅಂತ ಗ್ರೂಪಲ್ಲಿ ಹೇಳ್ಕಂಡು ತಿರುಗ್ತಿದ್ದೆ. ಆಗ್ಲಿಲ್ಲ ಅಂದ್ರೆ ಅವನನ್ನ ಜೀವಮಾನ ಪೂರ್ತಿ 'ಗುರುಗಳೇ' ಅಂತ ಕರೀಬೇಕು ಅಂತ ಮಾತಾಗಿತ್ತು.

ಅಷ್ಟರಲ್ಲಿ ಕಂಪ್ನಿಯೋರು ಗೇಮೇ ಮುಚ್ತೀವಿ ಅಂದ್ರು. ಆಡೋರು ಕಮ್ಮಿ ಆದ್ರಂತೆ. ಒಂದು ದಿನ ಸಂಜೆಗೆ ಸರ್ವರ್ ಬಂದ್, ಆಮೇಲೆ ಆ ಲೋಕ ಇಲ್ಲ. ಅವತ್ತು ಮಧ್ಯಾಹ್ನ ಎಲ್ಲ ಜಾಗಕ್ಕೂ ಒಂದ್ಸಲ ಹೋಗಿ ಬಂದೆ. ಸಂತೇಲಿ ಎಲ್ಲರೂ ಸಾಮಾನು ಪುಕ್ಸಟ್ಟೆ ಎಸೀತಿದ್ರು, ಯಾರೂ ಹೆಕ್ತಿರ್ಲಿಲ್ಲ. ಎಲ್ಲಾ ಸುತ್ತಿ ಕೊನೆಗೆ ಮುಳುಗಡೆಗೆ ಬಂದು ಆ ಮನೆ ಮುಂದೆ ನಿಂತೆ. ಕಣ್ಣಲ್ಲಿ ಸ್ವಲ್ಪ ನೀರಿತ್ತು. ಟೋನರ್ ಪುಡಿ ಇರ್ಬೇಕು.

ಅಜ್ಜಿ ಎದ್ದು ಬಂದು ಪಕ್ಕದ ಸ್ಟೂಲಲ್ಲಿ ಕೂತ್ರು. ಎಂತಕ್ಕೆ ಮುಖ ಹಂಗೆ ಮಾಡ್ಕಂಡಿದೀಯ ಅಂತ ಕೇಳಿದ್ರು. ನಾನು ಇರೋದನ್ನ ಹೇಳ್ದೆ.

"ಇದೂ ಮುಳುಗ್ತದಾ?" ಅಂದ್ರು.

ಒಂಥರ ಹಂಗೇ ಅಂದೆ.

"ಅಲ್ಲಿದ್ದೋರಿಗೆ ಪರಿಹಾರ ಕೊಟ್ರನಾ ತಮಾ?"

ನನಗೆ ನಗು ಬಂತು. ಅದೇ ಕಂಪ್ನೀದು ಇನ್ನೊಂದು ಗೇಮಿದೆ, ಅಲ್ಲಿಗೆ ಹೋದ್ರೆ ಒಂದು ಟೋಪಿ ಫ್ರೀ ಅಂದೆ. ಅಜ್ಜಿ ನಗಾಡ್ಲಿಲ್ಲ. ತಮಗೂ ಹಂಗೇ, ಒಂದು ಕಾಡು ತೋರ್ಸಿ ಇಲ್ಲಿರಿ ಅಂದ್ರು ಅಂತ ಹೇಳಿದ್ರು. ಅಜ್ಜಿ ಹುಟ್ಟಿದ್ದು ಹೊಸನಗರ ತಾಲ್ಲೂಕಲ್ಲೇ, ಈಗ ಶರಾವತಿ ಹಿನ್ನೀರಿನ ಅಡೀಲಿರೋ ಒಂದು ಊರಲ್ಲಿ. ಡ್ಯಾಮ್ ಆದಾಗ ಅವ್ರಿನ್ನೂ ಸಣ್ಣ ಹುಡುಗಿ. ಇದು ನನಗೆ ಗೊತ್ತಿತ್ತು, ಆದ್ರೆ ಪರೀಕ್ಷೆಗೆ ಬರದ ಪಾಠದ ಥರ ಗೊತ್ತಿತ್ತು.

ಈಗ ಉಪ್ಪು ಖಾರ ನಿಲ್ಲಿಸ್ತಿದೀನಿ.

ಬಾಗ್ಲು ತೆಗೀಲ್ವಲ್ಲ ಅಜ್ಜಿ ಅಂತ ತೋರಿಸ್ದೆ. ಅವರು ಸ್ಕ್ರೀನ್ ಹತ್ರಕ್ಕೆ ಬಗ್ಗಿ ನೋಡಿದ್ರು. ಕನ್ನಡಕ ಇಲ್ದಿದ್ರೆ ಅವರಿಗೆ ನನ್ನ ಮುಖನೇ ನೆಟ್ಟಗೆ ಕಾಣಲ್ಲ, ಅವತ್ತು ಕನ್ನಡಕ ಮನೇಲೇ ಬಿಟ್ಟು ಬಂದಿದ್ರು. "ಕಾಲು ತೊಳೀದೆ ಹೋದ್ರೆ ಯಾರು ಬಾಗ್ಲು ತೆಗೀತಾರೆ? ಅಲ್ಲೇ ಕಲ್ಲಿದೆಯಲ್ಲ," ಅಂದ್ರು.

ಹೌದು, ಬಾಗ್ಲ ಪಕ್ಕ ಒಂದು ಚಪ್ಪಟೆ ಕಲ್ಲಿತ್ತು, ಒಂದು ಹಂಡೆ ಇತ್ತು. ನಾವೆಲ್ಲ ಅದು ಶೋಗೆ ಇಟ್ಟಿದ್ದು ಅಂದ್ಕಂಡಿದ್ವಿ. ಕೆರೆ ತಳದಲ್ಲಿ, ತಲೆ ಮೇಲೆ ಮೀನು ಓಡಾಡೋ ಜಾಗದಲ್ಲಿ ಕಾಲು ತೊಳಿಯೋದು ಅಂದ್ರೆ! ಆದ್ರೂ ಅಜ್ಜಿ ಸಮಾಧಾನಕ್ಕೆ ಅಂತ ಯೋಧನ್ನ ಕಲ್ಲಿನ ಮೇಲೆ ನಿಲ್ಲಿಸ್ದೆ. ಬೆಂಕಿ ಆರ್ಸಕ್ಕೆ ಅಂತ ಕೊಟ್ಟ ಬಕೆಟ್ಟೊಂದು ಅವನ ಹತ್ರ ಇತ್ತು. ಅದನ್ನ ಹಂಡೇಲಿ ಅದ್ದಿ ಮುಂದಕ್ಕೆ ಸುರಿಸ್ದೆ. ಏನೂ ಆಗ್ಲಿಲ್ಲ.

"ಹಿಮ್ಮಡಿ ಒಣಗೇ ಇದೆ. ಶನಿ ಕರ್ಕಂಡು ಒಳಗೆ ಹೋಗ್ತೀಯಾ?" ಅಂದ್ರು ಅಜ್ಜಿ. ನನಗೂ ಸಣ್ಣೋನಿದ್ದಾಗಿಂದ ದಿನಾ ಇದೇ ಬೈಗುಳ. ಹಿಮ್ಮಡಿ ನೆನೀದಿದ್ರೆ ಅಲ್ಲಿಂದ ಶನಿ ಹತ್ತಿಕಳ್ತಾನೆ ಅಂತ. ಇನ್ನೊಂದು ಬಕೆಟ್ ತುಂಬಿ, ಈ ಸಲ ಹಿಂದಕ್ಕೆ ಯೋಧನ ಹಿಮ್ಮಡಿ ಮೇಲೆ ಬೀಳೋ ಹಂಗೆ ಸುರಿಸ್ದೆ.

ಬಾಗ್ಲು ತೆರ್ಕಂತು.

ಪ್ರಜ್ವಲಿಗೆ ಬಾಗ್ಲು ತೆಗೀತು ಬಾ ಅಂತ ಟೈಪ್ ಮಾಡ್ದೆ. ಅವನು ಸಂತೇಲಿದ್ದ. ಓಡಿ ಬರ್ತಿದೀನಿ, ಬಾಗ್ಲು ತೆಗ್ದೇ ಇಟ್ಟಿರು, ನೋಡದೆ ನಂಬಲ್ಲ ಅಂತ ಬರೆದ. ಸ್ಕ್ರೀನ್ ಮೇಲೆ ಸರ್ವರ್ ಈಗ ಮುಚ್ತದೆ ಅಂತ ಕೆಂಪು ಅಕ್ಷರ ಬರಕ್ಕೆ ಶುರುವಾಯ್ತು.

ಯೋಧನ್ನ ಹೊಸ್ತಿಲು ದಾಟಿಸ್ದೆ. ಒಳಗೆ ಕತ್ಲೆ. ಎದುರಿಗೆ ಒಂದು ಒಲೆ ಮಾತ್ರ ಕಾಣ್ತಿತ್ತು. ಅಜ್ಜಿ ನನ್ನ ಮುಂಗೈ ಹಿಡ್ಕಂಡ್ರು. "ಬಲಗಡೆ ನೋಡು. ಗೂಟದಲ್ಲಿ ನನ್ನ ಗೊರಬು ಇರ್ತದೆ."

ಗೊರಬು ಅಂದ್ರೆ ಮಳೇಲಿ ಗದ್ದೆ ನಟ್ಟಿ ಮಾಡೋವಾಗ ಹೆಂಗಸ್ರು ತಲೆ ಮೇಲಿಂದ ಬೆನ್ನು ಮುಚ್ಚೋ ಹಂಗೆ ಹಾಕ್ಕಳೋದು, ಎಲೆ ಬಿದಿರು ಸೇರ್ಸಿ ಮಾಡಿದ್ದು. ನಾನು ನೋಡಿದ್ದು ಒಂದೇ ಸಲ, ಸ್ಕೂಲ್ ಡೇ ವೇಷದಲ್ಲಿ. ಬಲಗಡೆ ತಿರುಗಿಸ್ದೆ. ಗೋಡೇಲಿ ಗೂಟ ಇತ್ತು. ಅದರಲ್ಲಿ ಮಗುಚಿದ ಸಣ್ಣ ದೋಣಿ ಥರದ್ದು ಒಂದು ನೇತಾಡ್ತಿತ್ತು. ಸಣ್ಣ ಹುಡುಗಿ ಅಳತೇದು. ಅವರು ಹೇಳೋ ಮುಂಚೆ ನಾನು ಆ ಕಡೆ ತಿರುಗಿಸಿರ್ಲಿಲ್ಲ. ಇದನ್ನ ಮಾತ್ರ ನಾನು ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ.

ಅಜ್ಜಿ ಇನ್ನೂ ಹತ್ರಕ್ಕೆ ಬಗ್ಗಿ ಅದನ್ನ ನೋಡಿದ್ರು. ಆಮೇಲೆ ಮೆತ್ತಗೆ, "ಸಾಕು, ಬಾಗ್ಲು ಹಾಕ್ಕಂಡು ಬಾ," ಅಂದ್ರು. ಪ್ರಜ್ವಲ್ ಬರ್ತಿದಾನೆ, ಒಂಚೂರು ಇರಿ ಅಂತ ಬೇಡ್ಕಂಡೆ. ಅವ್ರು ನನ್ನ ಕೈ ಬಿಡ್ಲಿಲ್ಲ. ಊರು ಬಿಟ್ಟ ದಿನ ಅವ್ರ ಅವ್ವ ಬಾಗ್ಲು ಹಾಕಕ್ಕೆ ಹೋದಾಗ, ಮುಳುಗೋ ಮನೆಗೆ ಎಂತ ಬಾಗ್ಲು ಅಂತ ಲಾರಿ ಹತ್ತಿದ್ದೋರೆಲ್ಲ ನಗಾಡಿದ್ರಂತೆ. ಅವ್ವ ನಾಚ್ಕಂಡು ಹಂಗೇ ತೆರ್ದಿಟ್ಟು ಬಂದು ಹತ್ತಿದ್ಲಂತೆ. ಸಾಯೋ ತನಕ ಸಂಜೆ ಆದ್ರೆ, ಅಲ್ಲಿ ಬಾಗ್ಲು ತೆರ್ದೇ ಇದೆ ಅಂತಿದ್ಲಂತೆ.

ಚಾಟಲ್ಲಿ ಪ್ರಜ್ವಲ್ ಕೆರೆಗೆ ಹಾರ್ದೆ ಅಂತ ಹಾಕ್ದ. ಎರಡು ಉಸಿರು ಕಾದಿದ್ರೆ ಅವನೂ ನೋಡ್ತಿದ್ದ, ನಾನು ಸುತ್ತ ಮೂರು ತಾಲ್ಲೂಕಿಗೇ ಹೀರೋ ಆಗ್ತಿದ್ದೆ. ನಾನು ಹೊರಗೆ ಬಂದು ಬಾಗ್ಲು ಹಾಕ್ದೆ. ಆ ಬಾಗ್ಲು ಮುಚ್ಚಿದ ಸದ್ದು ಕೇಳ್ತು, ಸ್ಕ್ರೀನ್ ಕಪ್ಪಾಯ್ತು. ಸ್ಕ್ರೀನ್‌ಶಾಟ್ ನೆನಪಾಗಿದ್ದು ಆಮೇಲೆ.

ಅಜ್ಜಿ ಸೆರಗಲ್ಲಿ ಮುಖ ಒರೆಸ್ಕಂಡು ಎದ್ರು. ಆಗ್ಲೇ ಯಾರೋ ಪಹಣಿ ಮುದ್ದೆ ಮಾಡ್ಕಂಡು ಬಂದ್ರು, ಅವರಿಗೆ ಸರಿಯಾಗಿ ಬಯ್ದ್ರು.

ನಾನು ಆಮೇಲೆ ತುಂಬ ಹುಡುಕ್ದೆ. ಗೇಮಿನ ಫೈಲೆಲ್ಲ ಬಿಚ್ಚಿ ನೋಡಿದ ಒಬ್ಬ, ಆ ಬಾಗ್ಲ ಹಿಂದೆ ರೂಮೇ ಇಲ್ಲ, ಬರೀ ಗೋಡೆ ಅಂತ ಬರೆದಿದ್ದ. ಗೂಟದಲ್ಲಿದ್ದಿದ್ದು ಆಮೆ ಚಿಪ್ಪಿರಬಹುದು. ಅಳು ಬಂದ ಕಣ್ಣಿಗೆ ಏನು ಬೇಕಾದ್ರೂ ಕಾಣಬಹುದು. ಅಜ್ಜಿ ಮನೆಯೋರು ತೆರ್ದಿಟ್ಟು ಬಂದ ಬಾಗ್ಲು ನಾನು ಹೋದಾಗ ಮುಚ್ಚಿತ್ತು, ಯಾರು ಮುಚ್ಚಿದ್ರು ಅಂತ ನೀವು ಕೇಳಬಹುದು. ನಾನೂ ಕೇಳ್ಕಂಡಿದೀನಿ. ಅಜ್ಜಿ ಹತ್ರ ಒಂದ್ಸಲ ಕೇಳಿದ್ದಕ್ಕೆ, ಬಾಗ್ಲ ಅಗಳಿ ಸರಿಯಾಗಿ ಬಿತ್ತಲ್ಲ ಅಂತ ಅವರೇ ನನ್ನ ಕೇಳಿದ್ರು. ಬಿತ್ತು ಅಂದೆ.

ಮೊನ್ನೆ ಹೊಸ ಗೇಮಲ್ಲಿ ಯಾರದ್ದೋ ಮನೆ ಮುಂದೆ ನಿಂತು ಹಿಮ್ಮಡಿಗೆ ನೀರು ಹಾಕ್ತಿದ್ದೆ. ಪ್ರಜ್ವಲ್ ನೋಡ್ದ. ಎಂತ ಮಾಡ್ತಿದೀಯ ಮಗಾ, ಬಾಗ್ಲು ತೆರ್ದೇ ಇದೆಯಲ್ಲ ಅಂದ.

"ಏನಿಲ್ಲ ಗುರುಗಳೇ," ಅಂದೆ.